ಕೈ ಡಬ್ಬಿಗೆ ಹೋಗುವ ಮುನ್ನ



ಏಸಾವನ ಕಥೆ ನಿಮಗೆಲ್ಲ ತಿಳಿದದ್ದೇ. ಬಯಲಿನಲ್ಲಿ ಅಲೆದು ದಣಿದು ಬಂದ ಅಣ್ಣ, ತಮ್ಮ ಯಕೋಬನು ಬೇಯಿಸುತ್ತಿದ್ದ ಕೆಂಪು ಬೇಳೆಯನ್ನು ಕಂಡು ಅದಕ್ಕಾಗಿ ತನ್ನ ಜ್ಯೇಷ್ಠತನದ ಹಕ್ಕನ್ನೇ ಮಾರಿಬಿಟ್ಟ. ಇದನ್ನು ನಾವು ಯಕೋಬನ ಚಾಣಾಕ್ಷತನದ ಕಥೆಯೆಂದು ಓದಿ ಮುಂದೆ ಹೋಗುತ್ತೇವೆ. ಆದರೆ ಆದಿಕಾಂಡದ 25ನೇ ಅಧ್ಯಾಯದ ಕೊನೆಯ ವಾಕ್ಯವನ್ನು ಒಮ್ಮೆ ನಿಧಾನವಾಗಿ ಓದಿ ನೋಡಿರಿ. ತಿನ್ನುವುದು, ಕುಡಿಯುವುದು, ಏಳುವುದು, ಹೊರಡುವುದು ಈ ನಾಲ್ಕು ಕ್ರಿಯೆಗಳು ಅಲ್ಲಿ ಒಂದರ ಬೆನ್ನಿಗೊಂದು ಬಂದು ಮುಗಿದುಹೋಗುತ್ತವೆ. ರುಚಿ ಹೇಗಿತ್ತೆಂದು ಅವನು ಹೇಳಲಿಲ್ಲ, ತಮ್ಮನ ಮುಖ ನೋಡಲಿಲ್ಲ, ದೇವರನ್ನು ನೆನೆಯಲಿಲ್ಲ. ಆ ಅಡುಗೆಯ ಹೆಸರನ್ನೂ ಅವನು ಕೇಳಿದಂತಿಲ್ಲ. ಅದರ ಬಣ್ಣವನ್ನು ತೋರಿಸಿ ಬೇಡಿದ, ಅಷ್ಟೇ. ಏನು ತಿಂದೆ ಎಂಬುದೂ ಏನು ಕಳೆದುಕೊಂಡೆ ಎಂಬುದೂ ಆ ಹೊತ್ತಿನಲ್ಲಿ ಅವನಿಗೆ ಗೊತ್ತಾಗಲಿಲ್ಲ.

ನಮ್ಮ ಮನೆಗಳಲ್ಲಿ ಜ್ಯೇಷ್ಠತನದ ಹಕ್ಕನ್ನು ಯಾರೂ ಮಾರುವುದಿಲ್ಲ. ಆದರೂ ಏಸಾವ ಅಲ್ಲಿದ್ದಾನೆ. ಸಂಜೆ ಕೆಲಸದಿಂದ ಬಂದವನು ಚಪ್ಪಲಿ ಬಿಡುವ ಮೊದಲೇ ಕೋಡುಬಳೆ ಡಬ್ಬಿಗೆ ಕೈ ಹಾಕುತ್ತಾನೆ. ರಾತ್ರಿ ಟಿ.ವಿ. ಮುಂದೆ ಕುಳಿತವಳ ಮಡಿಲಲ್ಲಿದ್ದ ಮಿಕ್ಸ್‌ಚರ್ ಪೊಟ್ಟಣ ಧಾರಾವಾಹಿ ಮುಗಿಯುವಷ್ಟರಲ್ಲಿ ಬರಿದಾಗಿರುತ್ತದೆ. ಅದರಲ್ಲಿ ಗೋಡಂಬಿ ಇತ್ತೇ ಎಂದು ಕೇಳಿದರೆ ಅವಳಿಗೆ ನೆನಪಿರುವುದಿಲ್ಲ. ಮಗ ಮೊಬೈಲ್ ನೋಡುತ್ತಾ ಉಣ್ಣುತ್ತಾನೆ. ತಟ್ಟೆಗೆ ಏನು ಬಿತ್ತೆಂಬುದು ಬಡಿಸಿದ ತಾಯಿಗೆ ಮಾತ್ರ ಗೊತ್ತು. ಇದು ಬರೀ ಸಭ್ಯತೆಯ ವಿಷಯವಾಗಿದ್ದರೆ ನಾನು ಈ ಪುಟವನ್ನು ಇದಕ್ಕಾಗಿ ಬಳಸುತ್ತಿರಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸಿದ, 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆಯಿದೆ. ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿದ್ದಾರೆ. ಇದಕ್ಕೆಲ್ಲ ಊಟದ ಅಭ್ಯಾಸವೊಂದೇ ಕಾರಣವಲ್ಲ. ವಂಶವೂ ಉಂಟು, ಕುಳಿತೇ ಮಾಡುವ ಕೆಲಸವೂ ಉಂಟು. ಆದರೂ ರೋಗಿಗಳಿಗೆ ಪರಮಪ್ರಸಾದ ಕೊಂಡೊಯ್ಯುವ ಯಾವ ಗುರುವನ್ನು ಬೇಕಾದರೂ ಕೇಳಿರಿ. ಕಾಲ ಬೆರಳು ಕಳೆದುಕೊಂಡವರು, ಕಣ್ಣು ಮಂಜಾದವರು, ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್‌ಗೆ ಹೋಗುವವರು ಈಗ ಪ್ರತಿ ಧರ್ಮಕೇಂದ್ರದಲ್ಲೂ ಇದ್ದಾರೆ.

ಊಟ ಬಲ್ಲವನಿಗೆ ರೋಗವಿಲ್ಲ ಎಂದು ನಮ್ಮ ಹಿರಿಯರು ಹೇಳಿದರು. ಗಮನಿಸಿರಿ, ಅವರು ‘ಊಟ ಬಿಟ್ಟವನಿಗೆ’ ಎನ್ನಲಿಲ್ಲ, ‘ಬಲ್ಲವನಿಗೆ’ ಎಂದರು. ಊಟ ಶತ್ರುವಲ್ಲ. ನಮ್ಮ ಪ್ರಭು ಯೇಸುಸ್ವಾಮಿಯನ್ನು ಅವರ ವಿರೋಧಿಗಳು ಹೊಟ್ಟೆಬಾಕನೆಂದೂ ಕುಡುಕನೆಂದೂ ಹಳಿದರು. ಅದು ಸುಳ್ಳಾದರೂ ಅವರು ಜನರೊಡನೆ ಸಂತೋಷದಿಂದ ಉಣ್ಣುತ್ತಿದ್ದರೆಂಬುದಕ್ಕೆ ಆ ನಿಂದೆಯೇ ಸಾಕ್ಷಿ. ಕಾನಾ ಊರಿನ ಮದುವೆ, ಲೇವಿಯ ಮನೆಯ ಔತಣ, ಐದು ಸಾವಿರ ಜನರನ್ನು ಹುಲ್ಲಿನ ಮೇಲೆ ಕೂರಿಸಿ ಉಣಿಸಿದ್ದು, ಪುನರುತ್ಥಾನದ ನಂತರ ಕೆರೆಯ ದಡದಲ್ಲಿ ಕೆಂಡದ ಮೇಲೆ ಮೀನು ಸುಟ್ಟು ಶಿಷ್ಯರನ್ನು ಕರೆದದ್ದು, ಹೀಗೆ ಶುಭಸಂದೇಶದ ತುಂಬ ಊಟವೇ ಊಟ. ಆದರೆ ಒಂದು ಕಡೆಯಲ್ಲೂ ಅವರು ಏಸಾವನಂತೆ ತಿಂದು ಎದ್ದು ಹೋಗುವುದಿಲ್ಲ. ರೊಟ್ಟಿಯನ್ನು ಕೈಗೆ ತೆಗೆದುಕೊಳ್ಳುತ್ತಾರೆ, ಕೃತಜ್ಞತೆ ಸಲ್ಲಿಸುತ್ತಾರೆ, ಮುರಿಯುತ್ತಾರೆ, ಕೊಡುತ್ತಾರೆ. ಎಮ್ಮಾವಿನ ದಾರಿಯಲ್ಲಿ ಅಷ್ಟು ದೂರ ಜೊತೆಗೆ ನಡೆದರೂ ಗುರುತು ಹಿಡಿಯದ ಇಬ್ಬರು ಶಿಷ್ಯರು, ಆ ಕೈಗಳು ರೊಟ್ಟಿಯನ್ನು ಮುರಿದ ಬಗೆಯಿಂದ ಅವರನ್ನು ಗುರುತಿಸಿದರು. ಒಬ್ಬ ಮನುಷ್ಯನನ್ನು ಅವನು ಉಣ್ಣುವ ರೀತಿಯಿಂದ ಗುರುತಿಸಬಹುದಾದರೆ, ನಮ್ಮನ್ನು ಯಾರೆಂದು ಗುರುತಿಸಿಯಾರು?

ಧರ್ಮಸಭೆಯ ಪ್ರಾಚೀನ ಪಿತೃಗಳು ಈ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಎವಾಗ್ರಿಯುಸರು ಮನುಷ್ಯನನ್ನು ಕಾಡುವ ಎಂಟು ದುರಾಲೋಚನೆಗಳನ್ನು ಪಟ್ಟಿಮಾಡಿ, ಹೊಟ್ಟೆಬಾಕತನವನ್ನು ಮೊದಲಿಗೇ ಇಟ್ಟರು. ಅದೇ ದೊಡ್ಡ ಪಾಪವೆಂದಲ್ಲ, ಅದು ಮನೆಯ ಮುಂಬಾಗಿಲು ಎಂದು. ಮುಂದೆ ಜಗದ್ಗುರು ಸಂತ ಗ್ರೆಗೋರಿಯವರು ಈ ದೌರ್ಬಲ್ಯ ಐದು ರೂಪಗಳಲ್ಲಿ ಬರುತ್ತದೆಂದು ಬರೆದರು. ಹದಿಮೂರನೆಯ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು ಅದನ್ನೇ ಎತ್ತಿಕೊಂಡು ವಿವರಿಸಿದರು. ಹೊತ್ತಿಗೆ ಮುಂಚೆ ತಿನ್ನುವುದು, ದುಬಾರಿಯಾದದ್ದನ್ನೇ ಬಯಸುವುದು, ಅತಿಯಾಗಿ ತಿನ್ನುವುದು, ಆತುರದಿಂದ ಬಾಚಿ ತಿನ್ನುವುದು, ಅಡುಗೆ ಹೀಗೇ ಆಗಬೇಕೆಂದು ಹಟ ಹಿಡಿಯುವುದು. ನೋಡಿರಿ, ಈ ಐದರಲ್ಲಿ ಪ್ರಮಾಣಕ್ಕೆ ಸಂಬಂಧಿಸಿದ್ದು ಒಂದೇ! ನಾವಾದರೋ ಹೊಟ್ಟೆಬಾಕನೆಂದರೆ ದಪ್ಪಗಿರುವವನೆಂದು ತಿಳಿದಿದ್ದೇವೆ. ಸಾರಿಗೆ ಉಪ್ಪು ಒಂದು ಕಾಳು ಕಡಿಮೆಯಾದರೆ ತಟ್ಟೆ ತಳ್ಳಿ ಏಳುವ ಕಡ್ಡಿಯಂಥ ಯಜಮಾನರೂ ಈ ಪಟ್ಟಿಯೊಳಗೇ ಇದ್ದಾರೆ. ಮೈ ತೂಕ ನೋಡಿ ಯಾರ ಆತ್ಮದ ತೂಕವನ್ನೂ ಅಳೆಯಬೇಡಿರಿ. ದಪ್ಪಗಿರುವ ಮಗಳನ್ನು ನೆಂಟರೆದುರು ಆಡಿಕೊಳ್ಳುವ ತಂದೆತಾಯಿಯರಿಗೆ ಇದನ್ನು ಮುಖ್ಯವಾಗಿ ಹೇಳುತ್ತಿದ್ದೇನೆ. ಆ ಮಗು ಅತ್ತು, ಕದ್ದು ತಿನ್ನುವುದನ್ನು ಕಲಿಯುವುದು ಆ ಹೊತ್ತಿನಿಂದಲೇ.

ಸಂತ ಅಗಸ್ಟೀನರು ತಮ್ಮ ಆತ್ಮನಿವೇದನೆಯ ಹತ್ತನೆಯ ಭಾಗದಲ್ಲಿ ಇದನ್ನು ಇನ್ನೂ ಸೂಕ್ಷ್ಮವಾಗಿ ನೋಡಿದ್ದಾರೆ. ಊಟವನ್ನು ಔಷಧಿಯಂತೆ ತೆಗೆದುಕೊಳ್ಳಬೇಕೆಂಬುದು ಅವರ ಆಸೆ. ಆದರೆ ಹಸಿವಿನ ಸಂಕಟದಿಂದ ತೃಪ್ತಿಯ ಕಡೆಗೆ ಹೋಗುವ ದಾರಿಯಲ್ಲೇ ಬಲೆಯಿದೆ ಎನ್ನುತ್ತಾರೆ ಅವರು. ಆರೋಗ್ಯಕ್ಕಾಗಿ ಉಣ್ಣಲು ಹೊರಟರೆ ಸುಖ ಸೇವಕನ ಹಾಗೆ ಹಿಂದೆ ಬರುತ್ತದೆ. ಬರುಬರುತ್ತಾ ಅದೇ ಮುಂದೆ ನಡೆಯತೊಡಗುತ್ತದೆ. ಏಸಾವನನ್ನೂ ಅವರು ಅಲ್ಲಿ ನೆನೆಯುತ್ತಾರೆ. ಎಲೀಯನು ಮಾಂಸ ತಿಂದೂ ಕೆಡಲಿಲ್ಲ, ಏಸಾವನು ಬರೀ ಬೇಳೆಗೆ ಕೆಟ್ಟ. ಶುಕ್ರವಾರ ಮಾಂಸ ಬಿಟ್ಟು, ಬದಲಿಗೆ ನಾಲ್ಕು ಬಗೆಯ ಮೀನಿನ ಅಡುಗೆ ಮಾಡಿಸುವವರು ಇದನ್ನು ಸ್ವಲ್ಪ ಯೋಚಿಸಬಹುದು.

ಈಗ ಒಂದು ಹೊಸ ಮಾತು. ಪೇಟೆಯ ಆಸ್ಪತ್ರೆಗಳಲ್ಲಿ, ಆಪ್ತಸಮಾಲೋಚಕರ ಬಳಿ ‘ಎಚ್ಚರದ ಊಟ’ ಎಂಬ ಅಭ್ಯಾಸವನ್ನು ಕಲಿಸುತ್ತಾರೆ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಜಾನ್ ಕಬಟ್-ಜಿನ್ ಎಂಬವರು ಮನಸ್ಸಿನ ಒತ್ತಡ ತಗ್ಗಿಸುವ ತರಬೇತಿಯೊಂದನ್ನು ಆರಂಭಿಸಿದರು. ಬೌದ್ಧ ಧ್ಯಾನಪದ್ಧತಿಯಿಂದ ಅದರ ಮೂಲ ಬಂದದ್ದು. ಅದರಲ್ಲಿ ಒಂದು ಪಾಠವೆಂದರೆ ಒಂದೇ ಒಂದು ಒಣದ್ರಾಕ್ಷಿಯನ್ನು ತಿನ್ನುವುದು. ಅಂಗೈಯಲ್ಲಿಟ್ಟು ನೋಡಬೇಕು, ಮುಟ್ಟಬೇಕು, ಮೂಸಬೇಕು, ನಾಲಗೆಯ ಮೇಲಿಟ್ಟು ಕಾಯಬೇಕು, ಆಮೇಲೆ ನಿಧಾನವಾಗಿ ಅಗಿಯಬೇಕು. ಒಂದು ದ್ರಾಕ್ಷಿಗೆ ಇಷ್ಟು ಸಂಭ್ರಮವೇ ಎಂದು ನಗಬೇಡಿರಿ. ದಕ್ಷಿಣ ಕನ್ನಡ, ಉಡುಪಿ ಕಡೆಯ ನಮ್ಮ ಜನ ಪ್ರತಿ ಸೆಪ್ಟೆಂಬರ್ 8ರಂದು, ಮಾತೆ ಮರಿಯಮ್ಮನವರ ಜನ್ಮದಿನದ ತೆನೆ ಹಬ್ಬದಲ್ಲಿ ಮಾಡುವುದು ಮತ್ತೇನು? ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗೆ ತಂದು, ದೇವರ ಪೀಠದ ಮುಂದಿಟ್ಟು, ಕೆಲವೇ ಕಾಳುಗಳನ್ನು ಸುಲಿದು ಪುಡಿಮಾಡಿ ಹಾಲಿಗೋ ಪಾಯಸಕ್ಕೋ ಬೆರೆಸಿ, ಮನೆಯವರೆಲ್ಲ ಸೇರಿ ಜಪ ಹೇಳಿ, ಹಿರಿಯರ ಕೈಯಿಂದ ತೆಗೆದುಕೊಳ್ಳುತ್ತಾರೆ. ದೂರದೂರಿನಲ್ಲಿರುವ ಮಗನಿಗೆ ಅಂಚೆಯಲ್ಲಿ ಕಾಳು ಕಳುಹಿಸುತ್ತಾರೆ. ಹಾಗೆ ಹಂಚಿದಾಗ ಒಬ್ಬೊಬ್ಬರ ಪಾಲಿಗೆ ಒಂದು ಕಾಳೂ ಬರುವುದಿಲ್ಲ. ಆದರೂ ವರ್ಷದ ಊಟಗಳಲ್ಲಿ ಅದೇ ನೆನಪಿನಲ್ಲಿ ಉಳಿಯುತ್ತದೆ. ವರ್ಷಕ್ಕೊಮ್ಮೆ ಮಾಡುವುದನ್ನು ದಿನಕ್ಕೊಮ್ಮೆ, ಮೊದಲ ತುತ್ತಿಗೆ ಮಾತ್ರ ಮಾಡಿರಿ. ಸಾಕು.

ಇದು ಅನ್ಯಧರ್ಮದ ಅಭ್ಯಾಸವಲ್ಲವೇ, ನಾವು ಮಾಡಬಹುದೇ ಎಂದು ಕೆಲವರು ಕೇಳುತ್ತಾರೆ. ಗಮನವಿಟ್ಟು ಉಣ್ಣುವುದಕ್ಕೆ ಯಾವ ಧರ್ಮದ ಪರವಾನಗಿಯೂ ಬೇಕಿಲ್ಲ. ಮೇಲಾಗಿ ನಮ್ಮದೇ ಮನೆಯ ಪೆಟ್ಟಿಗೆಯಲ್ಲಿ ಇದಕ್ಕಿಂತ ಹಳೆಯ ಒಡವೆಯಿದೆ. ಸಂತ ಇಗ್ನಾಸಿಯವರ ‘ಆಧ್ಯಾತ್ಮಿಕ ಸಾಧನೆಗಳು’ ಎಂಬ ಕೃತಿಗೆ 1548ರಲ್ಲಿ ಜಗದ್ಗುರುಗಳ ಅನುಮೋದನೆ ದೊರೆಯಿತು. ಅದರಲ್ಲಿ ಊಟವನ್ನು ಕ್ರಮಪಡಿಸಿಕೊಳ್ಳಲು ಎಂಟು ನಿಯಮಗಳಿವೆ. ಇವನ್ನು ಬರೆದವರು ಮನ್ರೇಸಾದಲ್ಲಿ ಅತಿಯಾದ ಉಪವಾಸದಿಂದ ದೇಹವನ್ನು ಹಾಳುಮಾಡಿಕೊಂಡವರು. ಒಮ್ಮೆ ಒಂದು ವಾರ ಏನನ್ನೂ ಮುಟ್ಟದೆ ಇದ್ದು, ಪಾಪನಿವೇದನೆ ಕೇಳುವ ಗುರುಗಳ ಆಜ್ಞೆಯ ಮೇಲೆ ಉಂಡವರು. ಹಾಗಾಗಿ ಅವರ ನಿಯಮಗಳಲ್ಲಿ ಹಟವಿಲ್ಲ, ಅನುಭವವಿದೆ. ಸರಳ ಅನ್ನದಲ್ಲಿ ಅಪಾಯ ಕಡಿಮೆ, ಪಾನೀಯದಲ್ಲಿ ಹೆಚ್ಚು ಎಚ್ಚರ ಬೇಕು, ನಾಲಗೆಯನ್ನು ಕೆರಳಿಸುವ ತಿನಿಸುಗಳಲ್ಲಿ ಇನ್ನೂ ಹೆಚ್ಚು ಎನ್ನುತ್ತಾರೆ. ಉಣ್ಣುವಾಗ ಕ್ರಿಸ್ತರು ಶಿಷ್ಯರೊಡನೆ ಕುಳಿತು ಹೇಗೆ ಉಣ್ಣುತ್ತಿದ್ದರು, ಹೇಗೆ ನೋಡುತ್ತಿದ್ದರು, ಹೇಗೆ ಮಾತನಾಡುತ್ತಿದ್ದರು ಎಂದು ಕಣ್ಣ ಮುಂದೆ ತಂದುಕೊಳ್ಳಲು ಹೇಳುತ್ತಾರೆ. ನನಗೆ ಎಲ್ಲಕ್ಕಿಂತ ಹಿಡಿಸುವುದು ಎಂಟನೆಯದು. ಮುಂದಿನ ಊಟ ಎಷ್ಟು ಎಂಬುದನ್ನು ಹಸಿವಿಲ್ಲದ ಹೊತ್ತಿನಲ್ಲಿ, ಅಂದರೆ ಈ ಊಟ ಮುಗಿಸಿ ಎದ್ದಾಗಲೇ ನಿರ್ಧರಿಸಿಬಿಡಬೇಕು. ಎಂಥ ವ್ಯಾವಹಾರಿಕ ಜ್ಞಾನ! ಬಿರಿಯಾನಿಯ ಪಾತ್ರೆ ಎದುರಿಗೆ ಬಂದ ಮೇಲೆ ಮನಸ್ಸಿನ ಜೊತೆ ವಾದಕ್ಕಿಳಿದವರು ಯಾರು ಗೆದ್ದಿದ್ದಾರೆ?

ಒಂದು ವ್ಯತ್ಯಾಸವನ್ನು ಮಾತ್ರ ಮರೆಮಾಚಬಾರದು. ಎಚ್ಚರದ ಊಟವೆಂದರೆ ತಟ್ಟೆಯ ಮೇಲೆ ಮನಸ್ಸನ್ನು ನಿಲ್ಲಿಸುವುದು ಎಂದು ಇಂದಿನವರು ಕಲಿಸುತ್ತಾರೆ. ಇಗ್ನಾಸಿಯವರಾದರೋ ಮನಸ್ಸೆಲ್ಲ ತಟ್ಟೆಯಲ್ಲೇ ಮುಳುಗದಂತೆ ನೋಡಿಕೊ ಎನ್ನುತ್ತಾರೆ; ಆತುರ ಬೇಡ, ನಿನ್ನ ಮೇಲೆ ನೀನೇ ಒಡೆಯನಾಗಿರು ಎಂದೂ ಸೇರಿಸುತ್ತಾರೆ. ಎರಡನ್ನೂ ಒಟ್ಟಿಗೆ ಹಿಡಿಯಬಹುದೆಂದು ನನ್ನ ಎಣಿಕೆ. ಮೊದಲ ತುತ್ತು ಅನ್ನದ ಕಡೆಗೆ ನೋಡುವಂತೆ ಮಾಡಲಿ. ಅನ್ನವು ಅದನ್ನು ಬೆಳೆದವರ, ಬೇಯಿಸಿದವರ, ಕೊಟ್ಟವರ ಕಡೆಗೆ ನೋಡುವಂತೆ ಮಾಡಲಿ. ಕೇವಲ ರುಚಿಯನ್ನು ಚಪ್ಪರಿಸುತ್ತಾ ಕುಳಿತರೆ ಅದು ಹೊಟ್ಟೆಬಾಕತನದ ಇನ್ನೊಂದು ನಾಜೂಕಿನ ರೂಪವಾದೀತು.

ಹಳೆಯ ಅಭ್ಯಾಸವನ್ನು ಬಿಡಿಸುವುದು ಹೇಗೆ ಎಂಬುದಕ್ಕೂ ಇಗ್ನಾಸಿಯವರಲ್ಲಿ ಉತ್ತರವಿದೆ. ಅದನ್ನು ‘ವಿಶೇಷ ಆತ್ಮಶೋಧನೆ’ ಎನ್ನುತ್ತಾರೆ. ಎಲ್ಲ ದೋಷಗಳನ್ನೂ ಒಟ್ಟಿಗೆ ತಿದ್ದಲು ಹೋಗಬಾರದು, ಒಂದನ್ನು ಆರಿಸಿಕೊಳ್ಳಬೇಕು. ಬೆಳಗ್ಗೆ ಎದ್ದಾಗ ಅದನ್ನು ನೆನೆಯಬೇಕು, ಮಧ್ಯಾಹ್ನದ ಊಟದ ನಂತರ ಒಮ್ಮೆ, ರಾತ್ರಿ ಊಟದ ನಂತರ ಒಮ್ಮೆ ಎಷ್ಟು ಸಲ ಎಡವಿದೆ ಎಂದು ಲೆಕ್ಕ ಹಾಕಿ, ಗೆರೆಯ ಮೇಲೆ ಅಷ್ಟು ಚುಕ್ಕೆ ಇಡಬೇಕು. ಎಡವಿದ ಕೂಡಲೇ ಎದೆಯ ಮೇಲೆ ಕೈಯಿಟ್ಟುಕೊಳ್ಳಬೇಕು; ನಾಲ್ಕು ಜನರ ನಡುವೆಯೂ ಯಾರಿಗೂ ತಿಳಿಯದಂತೆ ಇದನ್ನು ಮಾಡಬಹುದು. ಮಕ್ಕಳ ಹಳೆಯ ನೋಟ್‌ಬುಕ್ಕಿನ ಹಿಂದಿನ ಹಾಳೆ ಇದಕ್ಕೆ ಸಾಕು. ‘ಇನ್ನು ಮುಂದೆ ಸಿಹಿ ಮುಟ್ಟುವುದಿಲ್ಲ’ ಎಂಬಂಥ ಪ್ರತಿಜ್ಞೆ ಬೇಡ; ಅದು ಮುಂದಿನ ನಾಮಕರಣದ ಊಟಕ್ಕೆ ಮುರಿದುಬೀಳುತ್ತದೆ. ‘ಸಂಜೆ ಹೊತ್ತು ನಿಂತುಕೊಂಡು ಡಬ್ಬಿಯಿಂದ ತಿನ್ನುವುದಿಲ್ಲ, ಬೇಕಾದರೆ ತಟ್ಟೆಗೆ ಹಾಕಿ ಕುಳಿತು ತಿನ್ನುತ್ತೇನೆ’ ಎಂಬಷ್ಟು ಸಣ್ಣದು ಸಾಕು. ಹೊಟ್ಟೆ ತುಂಬಿತೆಂಬ ಸುದ್ದಿ ಮೆದುಳಿಗೆ ಮುಟ್ಟಲು ಸುಮಾರು 20 ನಿಮಿಷ ಬೇಕೆಂದು ವೈದ್ಯರು ಹೇಳುತ್ತಾರೆ. ಐದು ನಿಮಿಷದಲ್ಲಿ ಊಟ ಮುಗಿಸುವವನಿಗೆ ಆ ಸುದ್ದಿ ಬರುವಷ್ಟರಲ್ಲಿ ಮೂರನೆಯ ಸಲ ಬಡಿಸಿಯಾಗಿರುತ್ತದೆ.

ಇಷ್ಟು ಮಾಡಿದವರಿಗೆ ಒಂದೆರಡು ವಾರದಲ್ಲಿ ಬೇರೊಂದು ಸಂಗತಿ ಕಾಣತೊಡಗುತ್ತದೆ, ಮುಖ್ಯವಾದದ್ದು ಅದೇ. ಚುಕ್ಕೆಗಳು ಎಲ್ಲೆಂದರಲ್ಲಿ ಬಿದ್ದಿರುವುದಿಲ್ಲ. ಒಬ್ಬನಿಗೆ ಅಧಿಕಾರಿಯಿಂದ ಬೈಸಿಕೊಂಡ ದಿನ ಹೆಚ್ಚು. ಇನ್ನೊಬ್ಬಳಿಗೆ ಗಂಡ ತೀರಿಕೊಂಡ ಮೇಲಿನ ಉದ್ದನೆಯ ರಾತ್ರಿಗಳಲ್ಲಿ. ಪರೀಕ್ಷೆ ಹತ್ತಿರವಿರುವ ಹುಡುಗನಿಗೆ ಮಧ್ಯರಾತ್ರಿಯಲ್ಲಿ. ಕೈ ಡಬ್ಬಿಗೆ ಹೋಗಿದ್ದು ಹಸಿವಿಗಲ್ಲ. ದಣಿವಿಗೆ, ಭಯಕ್ಕೆ, ಒಂಟಿತನಕ್ಕೆ. ಎಲೀಯನನ್ನು ನೆನೆಯಿರಿ. ಈಜೆಬೆಲಳ ಬೆದರಿಕೆಗೆ ಓಡಿಬಂದು, ಮರುಭೂಮಿಯ ಗಿಡದ ಕೆಳಗೆ ಮಲಗಿ, ಸಾವು ಬರಲೆಂದು ಬೇಡಿದ ಪ್ರವಾದಿ. ದೇವದೂತನು ಬಂದು ಅವನನ್ನು ಗದರಿಸಲಿಲ್ಲ, ಉಪದೇಶ ಮಾಡಲಿಲ್ಲ. ಮೈ ಮುಟ್ಟಿ ಎಬ್ಬಿಸಿ, ಕೆಂಡದ ಮೇಲೆ ಸುಟ್ಟ ರೊಟ್ಟಿ ಮತ್ತು ನೀರು ಕೊಟ್ಟನು. ಮತ್ತೆ ಮಲಗಲು ಬಿಟ್ಟನು. ಮತ್ತೊಮ್ಮೆ ಎಬ್ಬಿಸಿ ಉಣಿಸಿದನು. ಆಮೇಲೆ ನಡೆಯಲು ದಾರಿಯಿತ್ತು, ಹೋರೇಬಿನವರೆಗೆ. ದುಃಖದಲ್ಲಿರುವವನು ಉಣ್ಣುವುದು ಪಾಪವಲ್ಲ. ಆದರೆ ಅವನಿಗೆ ರೊಟ್ಟಿಯ ಜೊತೆಗೆ ಮುಟ್ಟುವ ಒಂದು ಕೈಯೂ ನಿದ್ರೆಯೂ ಮುಂದಿನ ದಾರಿಯೂ ಬೇಕಿತ್ತು. ಮಿಕ್ಸ್‌ಚರ್ ಪೊಟ್ಟಣದಲ್ಲಿ ಇವು ಸಿಗುವುದಿಲ್ಲ. ನಿಮ್ಮ ಬೀದಿಯಲ್ಲಿ ಒಂಟಿಯಾಗಿ ಉಣ್ಣುವ ವಿಧವೆ ಯಾರೆಂದು ನಿಮಗೆ ಗೊತ್ತು. ವಾರಕ್ಕೊಂದು ಸಲ ಆಕೆಯನ್ನು ನಿಮ್ಮ ಮನೆಯ ಊಟಕ್ಕೆ ಕರೆಯಿರಿ.

ತಾಯಂದಿರಿಗೆ ಒಂದು ಮಾತು. ಎಲ್ಲರಿಗೂ ಬಡಿಸಿ, ಎಲ್ಲರೂ ಎದ್ದ ಮೇಲೆ, ಮಕ್ಕಳ ತಟ್ಟೆಯಲ್ಲಿ ಉಳಿದದ್ದನ್ನೂ ಪಾತ್ರೆಯ ತಳದಲ್ಲಿದ್ದದ್ದನ್ನೂ ‘ಹಾಳಾಗುತ್ತದಲ್ಲ’ ಎಂದು ನೀವೇ ತಿಂದು ಮುಗಿಸುತ್ತೀರಿ, ಅದೂ ಒಲೆಯ ಪಕ್ಕ ನಿಂತುಕೊಂಡು. ಅನ್ನ ಹಾಳುಮಾಡಬಾರದೆಂಬುದು ನಿಜ. ಪ್ರಭುವೂ ಐದು ಸಾವಿರ ಜನ ಉಂಡ ಮೇಲೆ ಉಳಿದ ತುಂಡುಗಳನ್ನು ಒಟ್ಟುಗೂಡಿಸಲು ಹೇಳಿದರು. ಆದರೆ ಶಿಷ್ಯರು ಅವನ್ನು ಹನ್ನೆರಡು ಬುಟ್ಟಿಗಳಿಗೆ ತುಂಬಿದರು, ಹೊಟ್ಟೆಗೆ ತುಂಬಲಿಲ್ಲ! ಉಳಿದದ್ದನ್ನು ಮುಚ್ಚಿಡಿರಿ, ಕೊಡುವುದಿದ್ದರೆ ಕೊಡಿರಿ, ನಾಳೆ ಒಂದು ಪಾವು ಅಕ್ಕಿ ಕಡಿಮೆ ಹಾಕಿರಿ. ನಿಮ್ಮ ಶರೀರವೂ ಪವಿತ್ರಾತ್ಮರ ಆಲಯವೆಂದು ಸಂತ ಪೌಲರು ಬರೆದದ್ದು ನಿಮಗೂ ಸೇರಿಸಿಯೇ.

ಒತ್ತಾಯದ ಉಪಚಾರವನ್ನೂ ನಾವು ಕಡಿಮೆ ಮಾಡಬೇಕು. ಪಾಸ್ಖದ ನಂತರ ಮನೆ ಆಶೀರ್ವಾದಕ್ಕೆ ಬರುವ ಗುರುಗಳಿಗೆ ಹದಿನೈದು ಮನೆಯಲ್ಲಿ ಹದಿನೈದು ಲೋಟ ಶರಬತ್ತು ಕೊಡುತ್ತೀರಿ. ಬೇಡವೆಂದರೆ ಮನೆಯವರ ಮುಖ ಸಣ್ಣದಾಗುತ್ತದೆ. ಸಕ್ಕರೆ ಕಾಯಿಲೆಯಿರುವ ಅತಿಥಿಗೆ ‘ಒಂದು ದಿನಕ್ಕೆ ಏನೂ ಆಗುವುದಿಲ್ಲ’ ಎಂದು ಜಾಮೂನು ತುರುಕುವುದು ಪ್ರೀತಿಯಲ್ಲ. ಕೊರಿಂಥದ ಕ್ರೈಸ್ತರು ಪ್ರಭುಭೋಜನಕ್ಕೆ ಸೇರಿದಾಗ ಒಬ್ಬನು ಹಸಿದಿದ್ದ, ಇನ್ನೊಬ್ಬನು ಕುಡಿದು ಮತ್ತನಾಗಿದ್ದ. ಪೌಲರು ಕಟುವಾಗಿ ಗದರಿಸಿ, ರೊಟ್ಟಿಯನ್ನು ತಿನ್ನುವ ಮುನ್ನ ಪ್ರತಿಯೊಬ್ಬನೂ ತನ್ನನ್ನು ಪರೀಕ್ಷಿಸಿಕೊಳ್ಳಲಿ ಎಂದರು. ಆ ಪರೀಕ್ಷೆಯಲ್ಲಿ ಪಕ್ಕದವನ ತಟ್ಟೆಯೂ ಸೇರಿತ್ತು.

ತಪಸ್ಸುಕಾಲದ ಉಪವಾಸದ ಬಗ್ಗೆ ಗೊಂದಲವಿರುವುದರಿಂದ ಇದನ್ನೂ ಹೇಳಿಬಿಡುತ್ತೇನೆ. 1983ರ ಧರ್ಮಸಭೆಯ ಕಾನೂನಿನ ಪ್ರಕಾರ ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರಗಳಂದು 18 ವರ್ಷ ತುಂಬಿದವರಿಂದ ಹಿಡಿದು 59 ತುಂಬುವವರೆಗಿನವರಿಗೆ ಉಪವಾಸದ ಕಟ್ಟಳೆಯಿದೆ. ಮಾಂಸವರ್ಜನೆ 14 ತುಂಬಿದವರಿಗೆ. ರೋಗಿಗಳು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಉಪವಾಸ ಮಾಡಬೇಕಾಗಿಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರು ಭಕ್ತಿಯ ಹೆಸರಿನಲ್ಲಿ ಊಟ ಬಿಟ್ಟರೆ ಪ್ರಾಣಕ್ಕೇ ಅಪಾಯ. ವೈದ್ಯರನ್ನು ಕೇಳದೆ ಹಾಗೆ ಮಾಡಬಾರದು. ಐದನೆಯ ಶತಮಾನದಷ್ಟು ಹಿಂದೆಯೇ ಸನ್ಯಾಸಿಗಳ ಗುರು ಜಾನ್ ಕಸ್ಸಿಯಾನರು, ಉಪವಾಸಕ್ಕೆ ಎಲ್ಲರಿಗೂ ಒಂದೇ ಅಳತೆ ಇಡಲಾಗದು, ಒಬ್ಬೊಬ್ಬರ ಶಕ್ತಿ ಒಂದೊಂದು ಎಂದು ಬರೆದಿದ್ದಾರೆ. ಇನ್ನು, ತನ್ನ ಹಿಡಿತಕ್ಕೇ ಸಿಗದಂತೆ ಗುಟ್ಟಾಗಿ ಅತಿಯಾಗಿ ತಿನ್ನುವವರು, ತಿಂದು ವಾಂತಿ ಮಾಡಿಕೊಳ್ಳುವವರು, ದಪ್ಪಗಾದೇನೆಂಬ ಭಯಕ್ಕೆ ಊಟವನ್ನೇ ಬಿಟ್ಟ ಹುಡುಗಿಯರು ನಮ್ಮ ಕುಟುಂಬಗಳಲ್ಲೂ ಇದ್ದಾರೆ. ಅದು ಕಾಯಿಲೆ. ಅದಕ್ಕೆ ಚುಕ್ಕೆಯ ಪುಸ್ತಕ ಮದ್ದಲ್ಲ, ಇನ್ನಷ್ಟು ಕೇಡನ್ನೇ ಮಾಡೀತು. ಮನೋವೈದ್ಯರ ಬಳಿಗೆ ಕರೆದೊಯ್ಯಿರಿ, ನಾಚಿಕೆ ಬೇಡ. ಎಚ್ಚರದ ಊಟದಿಂದ ಭಾವನೆಗಳ ಒತ್ತಡಕ್ಕೆ ತಿನ್ನುವುದು ತಗ್ಗುತ್ತದೆಂದು ಅಧ್ಯಯನಗಳು ಹೇಳಿವೆ, ಆದರೆ ತೂಕ ಇಳಿಸುವ ಮಂತ್ರ ಅದಲ್ಲ. ಹಾಗೆಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿರಿ.

ಊಟದ ಜಪವನ್ನು ನಾವು ಎಷ್ಟು ವೇಗವಾಗಿ ಹೇಳುತ್ತೇವೆಂದರೆ, ಶಿಲುಬೆಯ ಗುರುತು ಹಾಕಿದ ಕೈ ಕೆಳಗಿಳಿಯುವ ಮೊದಲೇ ಅನ್ನಕ್ಕೆ ಹೋಗಿರುತ್ತದೆ. ಇಂದು ರಾತ್ರಿ ಟಿ.ವಿ. ಆರಿಸಿ, ಮೊಬೈಲುಗಳನ್ನು ಕಪಾಟಿನ ಮೇಲಿಟ್ಟು ಎಲ್ಲರೂ ಕುಳಿತುಕೊಳ್ಳಿರಿ. ಜಪ ಆರಂಭಿಸುವ ಮೊದಲು ಅಡುಗೆಮನೆಯ ಕಡೆಗೆ ನೋಡಿರಿ. ಅಲ್ಲಿ ಇನ್ನೂ ಯಾರೋ ನಿಂತಿದ್ದಾರೆ. ಆಕೆ ಬಂದು ತಟ್ಟೆ ಹಾಕಿಕೊಂಡು ಕುಳಿತ ಮೇಲೆ ಶುರುಮಾಡಿರಿ. ಸಾರು ಸ್ವಲ್ಪ ಆರಿದರೆ ಆರಲಿ.